ಸಿನೆಸ್ತೀಸಿಯಾ ಇದ್ದ ಸಂಗೀತಗಾರರು, ಚಿತ್ರಕಾರರು: ಯಾರದ್ದು ನಿಜ, ಯಾರದ್ದು ಕಥೆ?

ಹಳದಿ ಏಳು
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನನಗೆ ಚಿಕ್ಕಂದಿನಿಂದಲೂ ಅಕ್ಷರಗಳಿಗೆ ಬಣ್ಣ ಇದೆ. 'ಕ' ಇಟ್ಟಿಗೆ ಕೆಂಪು. 'ಮ' ಒದ್ದೆ ಮಣ್ಣಿನ ಕಂದು. 'ಗ' ಎಲೆ ಹಸಿರು. 7 ಅಂದರೆ ಹಳದಿ, ಅದರಲ್ಲಿ ಚೌಕಾಸಿಯೇ ಇಲ್ಲ. ಕಾಗುಣಿತ ಬರೆದರೆ ಕ, ಕಾ, ಕಿ, ಕೀ ಎಲ್ಲಾ ಅದೇ ಕೆಂಪು, ಕೊಂಬು ಬಂದಾಗ ಮಾತ್ರ ಸ್ವಲ್ಪ ಗಾಢವಾಗುತ್ತದೆ. ಹಾಳೆಯ ಮೇಲೆ ಶಾಯಿ ಕಪ್ಪಾಗಿಯೇ ಕಾಣುತ್ತದೆ, ಅದು ನನಗೂ ಗೊತ್ತು. ಆದರೂ ಆ ಅಕ್ಷರ ಕೆಂಪೇ. ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಸರಿಗಮ ಕೇಳಿದಾಗಲೂ ಬಣ್ಣ ಬರುತ್ತದೆ.

ಇದಕ್ಕೆ ಸಿನೆಸ್ತೀಸಿಯಾ ಅನ್ನುತ್ತಾರೆ ಅಂತ ಗೊತ್ತಾಗಿದ್ದು ಹೋದ ವರ್ಷ. ಅಲ್ಲಿಂದ ಓದಿದ್ದೇ ಓದಿದ್ದು. ಎಲ್ಲಿ ನೋಡಿದರೂ ಅದೇ ಪಟ್ಟಿ. ಸ್ಕ್ರಿಯಾಬಿನ್, ಮೆಸ್ಸಿಯಾನ್, ಕ್ಯಾಂಡಿನ್ಸ್ಕಿ, ವ್ಯಾನ್ ಗೋ, ಡ್ಯೂಕ್ ಎಲಿಂಗ್ಟನ್, ಫ್ಯಾರೆಲ್ ವಿಲಿಯಮ್ಸ್, ಬಿಲ್ಲಿ ಐಲಿಶ್. ಇವರಲ್ಲಿ ನಿಜವಾಗಿ ಯಾರಿಗಿತ್ತು, ಯಾರ ಹೆಸರನ್ನು ಸುಮ್ನೆ ಸೇರಿಸಿದ್ದಾರೆ? ಗೊತ್ತಿರುವವರು ಹೇಳಿ. ನನಗೆ ಇದು ಬರೀ ಕುತೂಹಲ ಅಲ್ಲ. ನನ್ನಂಥವರು ಯಾರ್ಯಾರು ಇದ್ದರು ಅಂತ ತಿಳಿಯುವ ಆಸೆ.

ಮೂಲೆಮನೆ
ಒಂದು ನಿಮಿಷ. ಇದು ಎಲ್ಲರಿಗೂ ಇರಲ್ವಾ? ನನಗೆ ಬುಧವಾರ ನೀಲಿ.

ನರಜಾಲ
ಎಲ್ಲರಿಗೂ ಇರಲ್ಲ ಮೂಲೆಮನೆ ಅವರೇ. 2006ರಲ್ಲಿ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಮಾಡಿದರು. ನನಗಿದೆ ಅಂತ ಮುಂದೆ ಬಂದವರನ್ನಲ್ಲ, ಸಿಕ್ಕ ಸಿಕ್ಕವರನ್ನೆಲ್ಲ ಪರೀಕ್ಷಿಸಿದರು. ಯಾವುದಾದರೊಂದು ಬಗೆಯ ಸಿನೆಸ್ತೀಸಿಯಾ ಇದ್ದವರು ನೂರಕ್ಕೆ ಸುಮಾರು 4 ಜನ. ಅವರಲ್ಲಿ ವಾರಕ್ಕೆ ಬಣ್ಣ ಕಾಣುವವರೇ ಜಾಸ್ತಿ! ಹೆಂಗಸರಲ್ಲೇ ಹೆಚ್ಚು ಅಂತ ಮೊದಲು ಹೇಳುತ್ತಿದ್ದರು. ಈ ಅಧ್ಯಯನದಲ್ಲಿ ಗಂಡಸರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಹೆಂಗಸರು ಮುಂದೆ ಬಂದು ಹೇಳಿಕೊಳ್ಳುತ್ತಿದ್ದರು, ಗಂಡಸರು ಬಾಯಿ ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ಕಾರಣ ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ. ಮಿದುಳಲ್ಲಿ ಅಕ್ಷರ ಗುರುತಿಸುವ ಜಾಗ, ಬಣ್ಣ ಗುರುತಿಸುವ ಜಾಗ ಅಕ್ಕಪಕ್ಕದಲ್ಲಿವೆ, ಅವುಗಳ ನಡುವೆ ಹೆಚ್ಚು ಸಂಪರ್ಕ ಇರಬಹುದು ಅಂತ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ 2001ರಲ್ಲಿ ಹೇಳಿದರು. ಸಂಪರ್ಕ ಎಲ್ಲರಿಗೂ ಇರುತ್ತದೆ, ಇವರಲ್ಲಿ ಅದಕ್ಕೆ ಕಡಿವಾಣ ಕಡಿಮೆ ಅಷ್ಟೇ ಅನ್ನುವವರೂ ಇದ್ದಾರೆ. ಮನೆತನದಲ್ಲಿ ಹರಿದು ಬರುತ್ತದೆ ಅನ್ನುವುದು ಮಾತ್ರ ಗಟ್ಟಿ.

ಮೂರನೇ ಬೆಂಚು
ನಾನು ಒಪ್ಪಲ್ಲ. ಕೋಪಕ್ಕೆ ಕೆಂಪು, ಬೇಸರಕ್ಕೆ ಬೂದು ಅಂತ ಎಲ್ಲರೂ ಹೇಳುತ್ತೇವೆ. ಸಂದರ್ಶನದಲ್ಲಿ ಗಾಯಕರು "ನನಗೆ ಹಾಡು ಬಣ್ಣವಾಗಿ ಕಾಣುತ್ತದೆ" ಅಂದರೆ ಕೇಳಲು ಚೆನ್ನಾಗಿರುತ್ತದೆ, ಜನ ತಲೆದೂಗುತ್ತಾರೆ. ಅದನ್ನು ಪರೀಕ್ಷೆ ಮಾಡಿದವರು ಯಾರು? ಹಳದಿ ಏಳು ಅವರ ಮಾತನ್ನು ಅನುಮಾನಿಸುತ್ತಿಲ್ಲ, ಪಟ್ಟಿಯನ್ನು ಅನುಮಾನಿಸುತ್ತಿದ್ದೇನೆ.

ಪಿಯಾನೋ ಪುಟ
ಪಟ್ಟಿಯಲ್ಲಿ ಮೆಸ್ಸಿಯಾನ್ ಒಬ್ಬರನ್ನು ಬಿಟ್ಟುಬಿಡಿ, ಅವರ ಬಗ್ಗೆ ಅನುಮಾನ ಬೇಡ. ಒಲಿವಿಯೇ ಮೆಸ್ಸಿಯಾನ್ (1908–1992), ಫ್ರಾನ್ಸಿನವರು. ಒಟ್ಟಿಗೆ ನುಡಿಸುವ ಒಂದೊಂದು ಸ್ವರಮೇಳಕ್ಕೂ ಯಾವ ಬಣ್ಣ, ಅಂಚಿನಲ್ಲಿ ಯಾವ ಬಣ್ಣ, ಮಧ್ಯೆ ಯಾವ ಚುಕ್ಕಿ ಅಂತ ದಶಕಗಟ್ಟಲೆ ಒಂದೇ ಸಮ ಬರೆದಿಟ್ಟರು. 1963ರ ಒಂದು ಕೃತಿಯ ಹೆಸರಲ್ಲೇ ಬಣ್ಣಗಳಿವೆ, ಅದರ ಸ್ವರಲಿಪಿಯ ಹಾಳೆಯ ಮೇಲೂ ಬಣ್ಣಗಳ ಹೆಸರು ಬರೆದಿದ್ದಾರೆ. ವಾದ್ಯಗಾರರಿಗೆ, ನಿರ್ದೇಶಕರಿಗೆ ಅದು ತಿಳಿಯಬೇಕು ಅನ್ನುವುದು ಅವರ ಆಸೆ. ವಾದ್ಯಮೇಳಕ್ಕೆ ಅಮೆರಿಕದ ಬ್ರೈಸ್ ಕಣಿವೆಯ ಬಂಡೆಗಳ ಕೆಂಪು ಕಿತ್ತಳೆ ತರಬೇಕು ಅಂತ ಒಂದು ದೊಡ್ಡ ಕೃತಿಯನ್ನೇ ಬರೆದರು.

ಇನ್ನೊಂದು ಮಾತು. ಅವರು ಬಣ್ಣವನ್ನು ಕಣ್ಣಿನಿಂದಲ್ಲ, ಮನಸ್ಸಿನ ಒಳಗೆ ಕಾಣುತ್ತೇನೆ ಅಂತ ಸ್ಪಷ್ಟವಾಗಿ ಹೇಳಿದ್ದರು. ಅವರ ಸ್ನೇಹಿತರಾಗಿದ್ದ ಸ್ವಿಸ್ ಚಿತ್ರಕಾರ ಶಾರ್ಲ್ ಬ್ಲಾಂಕ್ ಗಾಟಿ ಅವರಿಗೆ ಎದುರಿಗೇ ಕಾಣುತ್ತಿತ್ತಂತೆ. ಹಳದಿ ಏಳು ಅವರೇ, ನೀವು ಶಾಯಿ ಕಪ್ಪೇ ಆದರೂ ಅಕ್ಷರ ಕೆಂಪು ಅಂದಿರಲ್ಲ, ನೀವು ಮೆಸ್ಸಿಯಾನ್ ಕಡೆಯವರು.

ಹಳದಿ ಏಳು
ಇದನ್ನು ಓದಿ ಮೈ ಜುಮ್ಮೆಂದಿತು. ಒಳಗೆ ಕಂಡರೆ ಅದು ನಿಜವಾದದ್ದು ಅಲ್ಲವೇನೋ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ನರಜಾಲ
ಎರಡೂ ನಿಜವೇ. ಒಳಗೆ ಕಾಣುವವರೇ ಜಾಸ್ತಿ.

ಮೂರನೇ ಬೆಂಚು, ಪರೀಕ್ಷೆ ಇದೆ. ನೂರು ಪದ ಕೊಡುತ್ತಾರೆ, ಯಾವುದಕ್ಕೆ ಯಾವ ಬಣ್ಣ ಅಂತ ಬರೆಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಬಿಟ್ಟು, ಮುಂಚೆ ಹೇಳದೆ, ಮತ್ತೆ ಕೇಳುತ್ತಾರೆ. ಸಿನೆಸ್ತೀಸಿಯಾ ಇರುವವರ ಉತ್ತರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸುಮ್ನೆ ಹೇಳಿದವರು ಒಂದೇ ವಾರದಲ್ಲಿ ಎಡವುತ್ತಾರೆ. ಸೈಮನ್ ಬ್ಯಾರನ್ ಕೋಹೆನ್ ತಂಡ 1987ರಲ್ಲಿ ಇದನ್ನು ಶುರು ಮಾಡಿತು.

ಇನ್ನೊಂದು, ಹಾಳೆ ತುಂಬಾ ಕಪ್ಪು 5 ಬರೆದು, ನಡುವೆ ಕೆಲವು 2 ಗಳನ್ನು ತ್ರಿಕೋನವಾಗಿ ಇಡುವುದು. ನಮಗೆ ಹುಡುಕಬೇಕಾಗುತ್ತದೆ. ಅಂಕಿಗೆ ಬಣ್ಣ ಇರುವವರಿಗೆ ತ್ರಿಕೋನ ತಾನಾಗಿ ಎದ್ದು ಕಾಣುತ್ತದೆ. ಕನ್ನಡದಲ್ಲಿ ಮಾಡುವುದಾದರೆ 'ಷ' ಗಳ ನಡುವೆ 'ಪ' ಇಡಬಹುದು.

ಅಂಕೆಸಂಖ್ಯೆ
ತಾನಾಗಿ ಎದ್ದು ಕಾಣುತ್ತದೆ ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆ. 2010ರಲ್ಲಿ ಜೇಮೀ ವಾರ್ಡ್ ಮತ್ತು ಸಂಗಡಿಗರು ಹೆಚ್ಚು ಜನರ ಮೇಲೆ ಅದನ್ನೇ ಮಾಡಿದರು. ಸಿನೆಸ್ತೀಸಿಯಾ ಇರುವವರು ಉಳಿದವರಿಗಿಂತ ಚೆನ್ನಾಗಿ ಮಾಡಿದ್ದು ಹೌದು. ಆದರೆ ಕಣ್ಣು ಬಿಟ್ಟ ಕೂಡಲೇ ಕಂಡುಬಿಡಲಿಲ್ಲ. ಗಮನ ಕೊಟ್ಟ ಅಂಕಿಗೆ ಮಾತ್ರ ಬಣ್ಣ ಬರುತ್ತಿತ್ತು.

ನರಜಾಲ
ಸರಿ, ತಿದ್ದಿಕೊಂಡೆ.

ಪಿಯಾನೋ ಪುಟ
ಈಗ ರಷ್ಯಾದ ಸಂಗೀತಕಾರ ಸ್ಕ್ರಿಯಾಬಿನ್ ವಿಷಯ. ಇಲ್ಲಿ ನಾನು ಮೂರನೇ ಬೆಂಚಿನ ಪಕ್ಷ. ಅವರ ಬಣ್ಣಗಳನ್ನು ನೋಡಿ. ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಹೇಳುವುದಾದರೆ ಸಿ ಕೆಂಪು, ಜಿ ಕಿತ್ತಳೆ, ಡಿ ಹಳದಿ, ಎ ಹಸಿರು. ಐದೈದು ಸ್ವರ ಮೇಲೆ ಹೋದಂತೆ ಕಾಮನಬಿಲ್ಲಿನ ಬಣ್ಣ ಸಾಲಾಗಿ ಬರುತ್ತದೆ. ನಿಜವಾಗಿ ಬಣ್ಣ ಕಾಣುವವರ ಪಟ್ಟಿ ಇಷ್ಟು ಅಚ್ಚುಕಟ್ಟಾಗಿ ಇರಲ್ಲ, ಹಳದಿ ಏಳು ಅವರ ಕ, ಗ, ಮ ನೋಡಿ, ಅದರಲ್ಲಿ ಯಾವ ಸಾಲೂ ಇಲ್ಲ. ಸ್ಕ್ರಿಯಾಬಿನ್ ಥಿಯಾಸಫಿ ಅನ್ನುವ ಆಧ್ಯಾತ್ಮ ಪಂಥದ ವಿಚಾರ ಓದಿಕೊಂಡಿದ್ದವರು, ಕೂತು ಕಟ್ಟಿದ ವ್ಯವಸ್ಥೆ ಅದು.

ಹಾಗಂತ ಅವರನ್ನು ತಳ್ಳಿಹಾಕಬೇಡಿ. 1910ರಲ್ಲಿ ಬರೆದು ಮುಗಿಸಿದ ಪ್ರಮೀಥಿಯಸ್ ಕೃತಿಯ ಸ್ವರಲಿಪಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಬೆಳಕಿಗೆ! ಪಿಟೀಲಿಗೆ, ಕೊಳಲಿಗೆ ಸಾಲು ಇರುವ ಹಾಗೆ ಬಣ್ಣದ ಬೆಳಕಿಗೂ ಒಂದು ಸಾಲು. 1911ರಲ್ಲಿ ಮಾಸ್ಕೋದಲ್ಲಿ ಮೊದಲ ಸಲ ನುಡಿಸಿದಾಗ ಬೆಳಕಿಲ್ಲದೆಯೇ ನುಡಿಸಿದರು. 1915ರಲ್ಲಿ ನ್ಯೂಯಾರ್ಕಿನಲ್ಲಿ ಬೆಳಕಿನ ಜೊತೆ ಆಯಿತು. ಅದಾದ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡರು.

ಹಳೇ ರೆಕಾರ್ಡು
ಸ್ಕ್ರಿಯಾಬಿನ್ ಮತ್ತು ಇನ್ನೊಬ್ಬ ಸಂಗೀತಕಾರ ರಿಮ್ಸ್ಕಿ ಕೋರ್ಸಕೋವ್ ಇಬ್ಬರೂ ಪ್ಯಾರಿಸ್ಸಿನ ಕೆಫೆಯಲ್ಲಿ ಕೂತು ಯಾವ ಶ್ರುತಿಗೆ ಯಾವ ಬಣ್ಣ ಅಂತ ಜಗಳ ಆಡಿದ್ದು ರಷ್ಯನ್ ಸಂಗೀತದ ಒಳ್ಳೇ ಕಥೆ. ಬಹಳ ಕಡೆ ಹೊಂದಲಿಲ್ಲ, ಆದರೆ ಡಿ ಮೇಜರ್ ಮಾತ್ರ ಹಳದಿ, ಚಿನ್ನ ಅಂತ ಇಬ್ಬರೂ ಒಪ್ಪಿದರು. ಪಕ್ಕದಲ್ಲಿ ಕೂತಿದ್ದ ಸಂಗೀತಕಾರ ರಾಖ್ಮನಿನೋವ್ ಇದನ್ನೆಲ್ಲ ನಂಬಲಿಲ್ಲ. ಆಗ ರಿಮ್ಸ್ಕಿ ಕೋರ್ಸಕೋವ್, ನಿನ್ನದೇ ಒಪೆರಾದಲ್ಲಿ ಜಿಪುಣ ತನ್ನ ಚಿನ್ನದ ಪೆಟ್ಟಿಗೆ ತೆರೆಯುವಾಗ ಯಾವ ಶ್ರುತಿ ಇಟ್ಟಿದ್ದೀಯ ನೋಡಿಕೋ ಅಂದರಂತೆ. ಡಿ ಮೇಜರ್! ಇದನ್ನು ಹೇಳಿಕೊಂಡವರು ರಾಖ್ಮನಿನೋವೇ.

ಮೂಲೆಮನೆ
ಇಬ್ಬರಿಗೂ ನಿಜವಾಗಿ ಕಾಣುತ್ತಿದ್ದರೆ ಒಂದೇ ಬಣ್ಣ ಕಾಣಬೇಕಲ್ವಾ?

ನರಜಾಲ
ಕಾಣಬೇಕಿಲ್ಲ. ಒಬ್ಬೊಬ್ಬರಿಗೆ ಒಂದೊಂದು. ಒಂದೇ ಮನೆಯವರಿಗೂ ಬೇರೆ ಬೇರೆ ಇರುತ್ತದೆ. ಆದರೆ ಒಂದು ವಿಷಯದಲ್ಲಿ ಬಹುಪಾಲು ಎಲ್ಲರೂ ಒಂದೇ. ತಾರ ಸ್ವರ ತಿಳಿ ಬಣ್ಣ, ಮಂದ್ರ ಸ್ವರ ಗಾಢ ಬಣ್ಣ. ಇದು ಸಿನೆಸ್ತೀಸಿಯಾ ಇಲ್ಲದವರಲ್ಲೂ ಇದೆ.

ಓದುಬಾಕ
ಒಂದೇ ಮನೆ ಅಂದಾಗ ಕಾದಂಬರಿಕಾರ ನಬೊಕೊವ್ ನೆನಪಾದರು. ಕಲಾವಿದರು ಅಂದರೆ ಬರಹಗಾರರೂ ಸೇರುತ್ತಾರೆ ಅಲ್ವಾ. ಚಿಕ್ಕ ಹುಡುಗ, ಬಣ್ಣ ಬಣ್ಣದ ಅಕ್ಷರದ ಮರದ ತುಂಡುಗಳನ್ನು ಜೋಡಿಸಿ ಆಡುತ್ತಿದ್ದಾನೆ. ಅಮ್ಮನಿಗೆ ಹೇಳುತ್ತಾನೆ, ಇವುಗಳ ಬಣ್ಣ ಎಲ್ಲಾ ತಪ್ಪಾಗಿದೆ ಅಂತ. ಬೇರೆ ತಾಯಿ ಆಗಿದ್ದರೆ ಏನಂತಿದ್ದರೋ. ಆ ತಾಯಿಗೂ ಅಕ್ಷರಕ್ಕೆ ಬಣ್ಣ ಇತ್ತು! ಕೆಲವು ಅಕ್ಷರಗಳಿಗೆ ಇಬ್ಬರದ್ದೂ ಒಂದೇ, ಉಳಿದದ್ದು ಬೇರೆ. ಮುಂದೆ ಹೆಂಡತಿ ವೇರಾ ಅವರಿಗೂ, ಮಗ ಡಿಮಿಟ್ರಿಗೂ ಇತ್ತು. ಈಗಿನವರಲ್ಲಿ ಗಾಯಕಿ ಬಿಲ್ಲಿ ಐಲಿಶ್ ಮತ್ತು ಅಣ್ಣ ಫಿನಿಯಸ್ ಇಬ್ಬರೂ ತಮಗಿದೆ ಅನ್ನುತ್ತಾರೆ. ಮನೆತನದ ವಿಷಯ ಗೊತ್ತಿದ್ದರೆ ಇದನ್ನು ಪ್ರಚಾರದ ಮಾತು ಅಂತ ತಳ್ಳಲು ಮನಸ್ಸು ಬರಲ್ಲ.

ಕುಂಚಪ್ರಿಯ
ಚಿತ್ರಕಾರರ ಪಾಲು ನನ್ನದು. ವ್ಯಾನ್ ಗೋ ಹೆಸರನ್ನು ಗಟ್ಟಿಯಾಗಿ ಹೇಳಬೇಡಿ. 1885ರ ಸುಮಾರಿಗೆ ಪಿಯಾನೋ ಕಲಿಯಲು ಹೋಗಿದ್ದು, ಸ್ವರ ನುಡಿಸುತ್ತಾ ಇದು ಕಡು ನೀಲಿ, ಇದು ಕಡು ಹಸಿರು ಅನ್ನುತ್ತಾ ಹೋಗಿದ್ದು, ಮೇಷ್ಟ್ರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡು ಪಾಠ ನಿಲ್ಲಿಸಿದ್ದು, ಇಷ್ಟು ಅವರ ಪರಿಚಯದವರು ಹೇಳಿದ್ದು. ಸತ್ತವರಿಗೆ ಪರೀಕ್ಷೆ ಮಾಡಲು ಆಗಲ್ಲ. ಆದರೆ ಆ ಪಾಠ ನಿಂತದ್ದು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕ್ಯಾಂಡಿನ್ಸ್ಕಿ ಬಗ್ಗೆಯೂ ತಜ್ಞರಲ್ಲಿ ಒಮ್ಮತ ಇಲ್ಲ. 1896ರಲ್ಲಿ ಮಾಸ್ಕೋದಲ್ಲಿ ವಾಗ್ನರ್ ಒಪೆರಾ ಕೇಳುತ್ತಾ ತನ್ನ ಬಣ್ಣಗಳೆಲ್ಲ ಕಣ್ಣ ಮುಂದೆ ಬಂದವು ಅಂತ ಅವರೇ ಬರೆದಿದ್ದಾರೆ. ಕಾನೂನು ಪಾಠ ಬಿಟ್ಟು ಚಿತ್ರಕಲೆಗೆ ಬಂದದ್ದೂ ಆ ಹೊತ್ತಿಗೇ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತಕಾರ ಶೋನ್‌ಬರ್ಗ್ ಅವರ ಕೃತಿಗಳ ಕಛೇರಿ ಕೇಳಿ ಬಂದು ಒಂದು ಚಿತ್ರ ಬರೆದರು. ಅದರ ಅಚ್ಚು ಪ್ರತಿ ನನ್ನ ಗೋಡೆಯ ಮೇಲೆ ವರ್ಷಗಳಿಂದ ಇದೆ. ಮೇಲೆ ದೊಡ್ಡ ಕಪ್ಪು ತುಂಡು, ಅದು ಪಿಯಾನೋದ ಮುಚ್ಚಳ. ಎಡಗಡೆ ಬಾಗಿ ಕೂತ ಜನ. ಉಳಿದಂತೆ ಹಳದಿ, ಬಲಗಡೆಯಿಂದ ಹಳದಿ ನುಗ್ಗಿ ಬಂದು ಜನರ ಮೇಲೆ ಬಿದ್ದ ಹಾಗೆ. ಅದು ಸಿನೆಸ್ತೀಸಿಯಾನೋ ಅಲ್ಲವೋ, ಆ ಹಳದಿಗೆ ಸದ್ದಿದೆ.

ಅನುಮಾನವೇ ಇಲ್ಲದವರು ಬೇಕಾದರೆ ಕ್ಯಾರಲ್ ಸ್ಟೀನ್ ಅವರನ್ನು ನೋಡಿ. ಅಮೆರಿಕದ ಕಲಾವಿದೆ, ಅಲ್ಲಿನ ಸಿನೆಸ್ತೀಸಿಯಾ ಸಂಘ ಕಟ್ಟಿದವರಲ್ಲಿ ಒಬ್ಬರು. ಸೂಜಿ ಚಿಕಿತ್ಸೆ ತೆಗೆದುಕೊಳ್ಳುವಾಗ ಕಂಡ ಬಣ್ಣ, ಆಕಾರಗಳನ್ನು ಹಾಗೇ ಚಿತ್ರ ಮಾಡಿದ್ದಾರೆ. ಅವರು ಬಣ್ಣ ಹುಡುಕುವುದಿಲ್ಲ, ಕಂಡದ್ದನ್ನು ನಕಲು ಮಾಡುತ್ತಾರೆ.

ಮಂದ್ರ ಪಂಚಮ
ನಮ್ಮ ಹಳೇ ಶಾಸ್ತ್ರದಲ್ಲೇ ಇದೆಯಲ್ಲ. ಸಂಗೀತ ರತ್ನಾಕರದಲ್ಲಿ ಏಳು ಸ್ವರಕ್ಕೆ ಏಳು ಬಣ್ಣ ಹೇಳಿದ್ದಾರೆ. ಷಡ್ಜಕ್ಕೆ ಕಮಲದ ಬಣ್ಣ, ಗಾಂಧಾರಕ್ಕೆ ಚಿನ್ನದ ಬಣ್ಣ, ಮಧ್ಯಮಕ್ಕೆ ಮಲ್ಲಿಗೆ ಬಿಳಿ, ಪಂಚಮಕ್ಕೆ ಕಪ್ಪು. ಅವರಿಗೆಲ್ಲ ಇದು ಗೊತ್ತಿತ್ತು.

ಅಂಕೆಸಂಖ್ಯೆ
ಅದು ಬೇರೆ, ಇದು ಬೇರೆ. ಅದೇ ಗ್ರಂಥ ಸ್ವರಗಳಿಗೆ ಪ್ರಾಣಿ, ದೇವತೆ, ಕುಲ ಎಲ್ಲವನ್ನೂ ಹೇಳುತ್ತದೆ. ಅದು ಹೊಂದಿಸಿದ ಕೋಷ್ಟಕ. ನ್ಯೂಟನ್ ಕೂಡಾ 1704ರ ಪುಸ್ತಕದಲ್ಲಿ ಬೆಳಕಿನ ಏಳು ಬಣ್ಣಕ್ಕೂ ಏಳು ಸ್ವರಕ್ಕೂ ಗಂಟು ಹಾಕಿದ್ದರು. ಅವರಿಗೆ ಸಿನೆಸ್ತೀಸಿಯಾ ಇತ್ತು ಅಂತ ಯಾರೂ ಹೇಳಲ್ಲ.

ಮಂದ್ರ ಪಂಚಮ
ಕೋಷ್ಟಕ ಮಾಡಿದವರಲ್ಲಿ ಒಬ್ಬರಿಗಾದರೂ ಕಂಡಿರಬಾರದು ಅಂತ ಏನು? ಆದರೂ ನಿಮ್ಮ ಮಾತು ಒಪ್ಪುತ್ತೇನೆ, ಗ್ರಂಥದಲ್ಲಿ ಇರುವುದಷ್ಟೇ ಸಾಕ್ಷಿ ಆಗಲ್ಲ.

ಜಾಝ್ ಕಿವಿ
ಜಾಝ್ ತಂಡ ಕಟ್ಟಿದ್ದ ಎಲಿಂಗ್ಟನ್ ಬಗ್ಗೆ ಯಾರೂ ಬರೆಯಲಿಲ್ಲ! ಅವರ ಮಾತು ನನಗೆ ಎಲ್ಲರಿಗಿಂತ ಇಷ್ಟ. ಒಂದೇ ಸ್ವರ, ತನ್ನ ತಂಡದ ಒಬ್ಬ ನುಡಿಸಿದರೆ ಒಂದು ಬಣ್ಣ, ಇನ್ನೊಬ್ಬ ನುಡಿಸಿದರೆ ಬೇರೆ ಬಣ್ಣ. ಹ್ಯಾರಿ ಕಾರ್ನಿ ಡಿ ನುಡಿಸಿದರೆ ಕಡು ನೀಲಿ ಗೋಣಿಬಟ್ಟೆ. ಜಾನಿ ಹಾಜಸ್ ಜಿ ನುಡಿಸಿದರೆ ತಿಳಿ ನೀಲಿ ಸ್ಯಾಟಿನ್. ಬಣ್ಣದ ಜೊತೆ ಬಟ್ಟೆಯೂ ಇದೆ ನೋಡಿ. ಕಾರ್ನಿಯ ಬ್ಯಾರಿಟೋನ್ ಸ್ಯಾಕ್ಸೋಫೋನ್ ಒಂದು ಸಲ ಕೇಳಿ, ಆ ಗೋಣಿಬಟ್ಟೆ ಕೈಗೆ ತಾಗುತ್ತದೆ.

ಮೂರನೇ ಬೆಂಚು
ಅದನ್ನೇ ನಾನೂ ಹೇಳುತ್ತಿರುವುದು. ನನಗೂ ಕೈಗೆ ತಾಗುತ್ತದೆ, ಹಾಗಾದರೆ ನನಗೂ ಸಿನೆಸ್ತೀಸಿಯಾ ಇದೆಯಾ? ಒಳ್ಳೇ ಹೋಲಿಕೆಗೂ ಇದಕ್ಕೂ ಗೆರೆ ಎಲ್ಲಿ?

ನರಜಾಲ
ಹೋಲಿಕೆಯನ್ನು ನೀವು ಆರಿಸುತ್ತೀರಿ, ಬೇಡ ಅಂದರೆ ಬಿಡಬಹುದು. ಇದು ಬೇಡ ಅಂದರೂ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರೆಕಾರ್ಡರ್ ಕೊಳಲು ನುಡಿಸುವ ಒಬ್ಬರ ಬಗ್ಗೆ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಎರಡು ಸ್ವರಗಳ ನಡುವಿನ ಅಂತರ ಅವರಿಗೆ ನಾಲಿಗೆ ಮೇಲೆ ರುಚಿಯಾಗಿ ಬರುತ್ತದೆ. ನಮ್ಮ ಹೆಸರಲ್ಲಿ ಹೇಳುವುದಾದರೆ, ಷಡ್ಜದಿಂದ ಶುದ್ಧ ರಿಷಭ ಹುಳಿ, ಚತುಶ್ರುತಿ ರಿಷಭ ಕಹಿ, ಸಾಧಾರಣ ಗಾಂಧಾರ ಉಪ್ಪು, ಅಂತರ ಗಾಂಧಾರ ಸಿಹಿ. ಪಂಚಮ ಬರೀ ನೀರು. ಮೇಲಿನ ಷಡ್ಜಕ್ಕೆ ರುಚಿಯೇ ಇಲ್ಲ.

ಸಂಶೋಧಕರು ಏನು ಮಾಡಿದರು ಅಂದರೆ, ನಾಲಿಗೆಗೆ ಹುಳಿ, ಕಹಿ, ಉಪ್ಪು, ಸಿಹಿ ನೀರು ಹಾಕಿ ಅಂತರ ಗುರುತಿಸಲು ಹೇಳಿದರು. ನಾಲಿಗೆ ಮೇಲಿನ ರುಚಿ ಸ್ವರದ ರುಚಿಗೆ ಹೊಂದಿದಾಗ ಬೇಗ ಗುರುತಿಸಿದರು, ಹೊಂದದಿದ್ದಾಗ ತಡವಾಯಿತು. ಬರೀ ಹೋಲಿಕೆ ಆಗಿದ್ದರೆ ನಾಲಿಗೆ ಮೇಲಿನ ಉಪ್ಪು ಯಾಕೆ ಅಡ್ಡ ಬರಬೇಕು?

ಮೂರನೇ ಬೆಂಚು
ಇದು ಸಾಕ್ಷಿ. ಇಂಥದ್ದನ್ನೇ ಕೇಳುತ್ತಿದ್ದೆ.

ಮೂಲೆಮನೆ
ಪಂಚಮ ಬರೀ ನೀರು! ಎಷ್ಟು ಸರಿಯಾಗಿದೆ.

ಹೊಸಬ
ನನಗೆ ಅಕ್ಷರಕ್ಕೆ ಬಣ್ಣ ಇದೆ, ಆದರೆ ಅದು ಚಿಕ್ಕವನಾಗಿದ್ದಾಗ ಗೋಡೆಗೆ ಹಾಕಿದ್ದ ವರ್ಣಮಾಲೆ ಪಟದಿಂದ ಬಂದದ್ದು ಅನ್ನಿಸುತ್ತದೆ. ಹಾಗಿದ್ದರೆ ನನ್ನದು ಸುಳ್ಳಾ?

ಅಂಕೆಸಂಖ್ಯೆ
ಸುಳ್ಳಲ್ಲ. 2015ರಲ್ಲಿ ಅಮೆರಿಕದಲ್ಲಿ 6588 ಜನರ ಅಕ್ಷರ ಬಣ್ಣಗಳನ್ನು ನೋಡಿದರು. ಅವರಲ್ಲಿ ನೂರಕ್ಕೆ ಸುಮಾರು 6 ಜನರ ಬಣ್ಣ ಒಂದು ಕಂಪನಿ ಮಾರುತ್ತಿದ್ದ ಅಯಸ್ಕಾಂತದ ಅಕ್ಷರಗಳ ಬಣ್ಣಕ್ಕೆ ಹೊಂದುತ್ತಿತ್ತು. ಬಣ್ಣ ಕಾಣುವ ಗುಣ ಹುಟ್ಟಿನಿಂದ ಬರಬಹುದು. ಯಾವ ಬಣ್ಣ ಅನ್ನುವುದನ್ನು ಕೆಲವರು ಸುತ್ತಲಿನಿಂದ ಎತ್ತಿಕೊಳ್ಳುತ್ತಾರೆ. ಆ ಆಟಿಕೆ ಲಕ್ಷಾಂತರ ಮಕ್ಕಳ ಕೈಯಲ್ಲಿತ್ತು, ಎಲ್ಲರಿಗೂ ಬಣ್ಣ ಅಂಟಲಿಲ್ಲವಲ್ಲ.

ಪಿಯಾನೋ ಪುಟ
ಪಟದ ಮಾತು ಬಂದದ್ದು ಒಳ್ಳೆಯದಾಯಿತು. ಲಿಗೆಟಿ ಅಂತ ಹಂಗೇರಿಯ ದೊಡ್ಡ ಸಂಗೀತಕಾರ. ಮೇಜರ್ ಸ್ವರಮೇಳಗಳು ಕೆಂಪು ಅಥವಾ ಗುಲಾಬಿ, ಮೈನರ್ ಸ್ವರಮೇಳಗಳು ಹಸಿರಿಗೂ ಕಂದಿಗೂ ನಡುವೆ ಅಂತ ಹೇಳಿದ್ದರು. ಆದರೆ ಕೇಳಿದ ಕೂಡಲೇ ಇದು ಯಾವ ಸ್ವರ ಅಂತ ಹೇಳುವ ಕಿವಿ ಅವರಿಗೆ ಇರಲಿಲ್ಲ. ಹಾಗಾಗಿ ಅವರೇ ಒಪ್ಪಿಕೊಂಡರು, ಸಿ ಮೈನರಿಗೆ ತುಕ್ಕು ಬಣ್ಣ, ಡಿ ಮೈನರಿಗೆ ಕಂದು ಬರುವುದು ಶಬ್ದದಿಂದಲ್ಲ, 'ಸಿ', 'ಡಿ' ಅನ್ನುವ ಅಕ್ಷರದಿಂದ ಅಂತ. ಹಳದಿ ಏಳು ಅವರೇ, ನಿಮ್ಮ ಗಾಂಧಾರಕ್ಕೆ ಯಾವ ಬಣ್ಣ?

ಹಳದಿ ಏಳು
ಎಲೆ ಹಸಿರು.

ಅಯ್ಯೋ. 'ಗ' ಕೂಡಾ ಎಲೆ ಹಸಿರು. ಮಧ್ಯಮ ಕಂದು, 'ಮ' ಕೂಡಾ ಕಂದು. ಇದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಸಂಗೀತಕ್ಕೆ ಬಣ್ಣ ಕಾಣುತ್ತೇನೆ ಅಂತ ಎಲ್ಲರಿಗೂ ಹೇಳುತ್ತಿದ್ದೆನಲ್ಲ. ನಾನು ಕಾಣುತ್ತಿದ್ದದ್ದು ಸ್ವರದ ಹೆಸರನ್ನಾ?

ಜಾಝ್ ಕಿವಿ
ಬೇಸರ ಮಾಡಿಕೊಳ್ಳಬೇಡಿ. ಲಿಗೆಟಿ ಜೊತೆ ಹೆಸರು ಸೇರಿತಲ್ಲ.

ನರಜಾಲ
ಊಹೆ ಬೇಡ, ಪರೀಕ್ಷೆ ಮಾಡಿ. ಯಾರಾದರೂ ನಿಮಗೆ ಕಾಣದ ಹಾಗೆ ಕೀಬೋರ್ಡಿನಲ್ಲಿ ಸ್ವರ ನುಡಿಸಲಿ, ಹೆಸರು ಹೇಳಬಾರದು. ನೀವು ಬಣ್ಣ ಹೇಳಿ. ಶ್ರುತಿ ಇಟ್ಟುಕೊಂಡು ಒಂದು ಸಲ, ಇಲ್ಲದೆ ಒಂದು ಸಲ.

ಮೂರನೇ ಬೆಂಚು
ನುಡಿಸಿದವರು ಪ್ರತಿ ಉತ್ತರವನ್ನೂ ಬರೆದುಕೊಳ್ಳಬೇಕು. ನೆನಪಿನ ಮೇಲೆ ಬಿಡಬೇಡಿ. ಏನಾಯಿತು ಅಂತ ತಿಳಿಯಲು ನಾನು ಕಾಯುತ್ತಿರುತ್ತೇನೆ.

ಕುಂಚಪ್ರಿಯ
ನಾನೂ.

ಹಳದಿ ಏಳು
ಮಾಡಿದೆವು. ತಂಗಿ ನನ್ನ ಬೆನ್ನ ಹಿಂದೆ ಕೀಬೋರ್ಡ್ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ಒಂದು ನೋಟ್ ಪುಸ್ತಕ.

ಮೊದಲು ಶ್ರುತಿ ಇಲ್ಲದೆ. ಒಂದೊಂದು ಸ್ವರ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬಣ್ಣ ಬರಲಿಲ್ಲ. ಕೆಳಗಿನ ಸ್ವರ ಗಾಢ ಬೂದು, ಮೇಲಿನದ್ದು ತಿಳಿ ಬೂದು, ಅಷ್ಟೇ. ಹಸಿರಿಲ್ಲ, ಕಂದಿಲ್ಲ. ಮನಸ್ಸಿಗೆ ಕಸಿವಿಸಿ ಆಯಿತು, ಅದನ್ನು ಮುಚ್ಚಿಡಲ್ಲ.

ಆಮೇಲೆ 'ಸಿ' ಕೀಲಿಯನ್ನು ಷಡ್ಜ ಅಂತ ಒತ್ತಿ ಹಿಡಿದು, ಮೇಲೆ ಬೇರೆ ಸ್ವರಗಳನ್ನು ನುಡಿಸಿದಳು. ಕೂಡಲೇ ಬಣ್ಣ ಬಂತು. ಒಂದು ಸ್ವರ ಬಂದಾಗ ನಾನು ಹಸಿರು ಅಂದೆ, ಎಲೆ ಹಸಿರು. ಅವಳು ಬರೆದುಕೊಂಡಳು. ಇನ್ನೂ ಐದಾರು ನುಡಿಸಿದಳು. ಆಮೇಲೆ ನನಗೆ ಹೇಳದೆ ಷಡ್ಜವನ್ನು ಅರ್ಧ ಸ್ವರ ಕೆಳಗೆ ಇಳಿಸಿ 'ಬಿ' ಮಾಡಿಕೊಂಡು ಮತ್ತೆ ನುಡಿಸಿದಳು. ಒಂದು ಸ್ವರಕ್ಕೆ ನಾನು ಕಂದು ಅಂದೆ, ಒದ್ದೆ ಮಣ್ಣು.

ಎಲ್ಲಾ ಮುಗಿದ ಮೇಲೆ ಪುಸ್ತಕ ತೋರಿಸಿದಳು. ಹಸಿರು ಅಂದದ್ದು, ಕಂದು ಅಂದದ್ದು, ಎರಡು ಸಲವೂ ಅವಳು ಒತ್ತಿದ್ದು 'ಇ' ಕೀಲಿ. ಅದೇ ಕೀಲಿ, ಅದೇ ಶಬ್ದ. ಮೊದಲು ಅದು ಗಾಂಧಾರ, ಆಮೇಲೆ ಮಧ್ಯಮ.

ಪಿಯಾನೋ ಪುಟ
ಅಂದರೆ ಬಣ್ಣ ಬರಿಯ ಶಬ್ದಕ್ಕೆ ಅಲ್ಲ, ಆ ಸ್ವರ ಯಾವ ಜಾಗದಲ್ಲಿ ಕೂತಿದೆ ಅನ್ನುವುದಕ್ಕೆ. ಹೆಸರು ಯಾರೂ ಹೇಳಲಿಲ್ಲ, ಆದರೂ ನಿಮ್ಮ ಕಿವಿ ಒಳಗೇ 'ಗ' ಅಂದುಕೊಂಡಿತು. ಅದು ಸಂಗೀತ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಮೂರನೇ ಬೆಂಚು
ನಾನು ನಂಬಿದೆ.

ನರಜಾಲ
ಆ ನೋಟ್ ಪುಸ್ತಕವನ್ನು ತಂಗಿ ಹತ್ತಿರವೇ ಇಡಿ, ನೀವು ತೆಗೆದು ನೋಡಬೇಡಿ. ಎರಡು ತಿಂಗಳು ಬಿಟ್ಟು, ಯಾವ ದಿನ ಅಂತ ಅವಳೇ ಆರಿಸಲಿ, ಮತ್ತೆ ಕೂರಿ. ಈ ಸಲ ಕೀಬೋರ್ಡ್ ಜೊತೆ ಪಿಟೀಲೂ ಇರಲಿ, ಎಲಿಂಗ್ಟನ್ ಹೇಳಿದ ಗೋಣಿಬಟ್ಟೆ, ಸ್ಯಾಟಿನ್ ನಿಮಗೂ ಬರುತ್ತದಾ ನೋಡೋಣ.

ಹಳದಿ ಏಳು
ಪುಸ್ತಕ ಅವಳ ಬೀರುವಿನಲ್ಲಿದೆ, ಬೀಗದ ಕೈ ಅವಳ ಹತ್ತಿರ. ಈ ನಡುವೆ ಇನ್ನೊಂದು ವಿಷಯ ಗೊತ್ತಾಯಿತು. ಬರೆದುಕೊಳ್ಳುವಾಗ ಅವಳು ಮಧ್ಯದಲ್ಲಿ ಒಂದು ಸಲ ಪೆನ್ನು ನಿಲ್ಲಿಸಿದ್ದಳು. ಯಾಕೆ ಅಂತ ನಿನ್ನೆ ಕೇಳಿದೆ. "ನೀನು 'ಮ' ಕಂದು ಅಂದೆಯಲ್ಲ, ಅದು ನೀಲಿ ಅಲ್ವಾ?" ಅಂದಳು.